ಮೇಜಿನ ಮೇಲೆ ಮಲಗಿರುವವಳು ಯಾರು?

ಆಂಡ್ರಿಯಾಸ್ ವೆಸಾಲಿಯಸ್‌ನ ಅಂಗರಚನಾ ಗ್ರಂಥ ಅಚ್ಚಾಗಿದ್ದು 1543ರಲ್ಲಿ, ಬಾಸೆಲ್‌ನಲ್ಲಿ. ಅದರ ಮುಖಪುಟ ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋಗಿದ್ದು ವೈದ್ಯನ ಮೇಲೆ, ಸುತ್ತ ನೆರೆದ ಗಂಡಸರ ಮೇಲೆ. ಮಧ್ಯದಲ್ಲಿ ಹೊಟ್ಟೆ ಸೀಳಿ ಮಲಗಿಸಿದ್ದ ಹೆಂಗಸನ್ನು ಆಮೇಲೆ ಗಮನಿಸಿದೆ.

ಈ ಪುಸ್ತಕ ಯಾಕೆ ಮುಖ್ಯ ಅಂದ್ರೆ, ಅಲ್ಲಿಯವರೆಗೆ ಯುರೋಪಿನ ವೈದ್ಯರಿಗೆ ಗ್ಯಾಲೆನ್ ಬರೆದದ್ದೇ ವೇದವಾಕ್ಯ. ಆದರೆ ಅವನು ಕೊಯ್ದು ನೋಡಿದ್ದು ಕೋತಿ, ಹಂದಿಯಂಥ ಪ್ರಾಣಿಗಳನ್ನು. ನಮ್ಮ ಕೆಳದವಡೆಯಲ್ಲಿ ಎರಡು ಮೂಳೆ ಇವೆ ಅಂದಿದ್ದ. ಇರೋದು ಒಂದೇ ಅಂತ ವೆಸಾಲಿಯಸ್ ತೋರಿಸಿದ. ಬರೀ ಮಾತಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು? ಮರದಚ್ಚಿನ 200ಕ್ಕೂ ಹೆಚ್ಚು ಚಿತ್ರಗಳು ಸಾಕ್ಷಿ ನುಡಿದವು. ಕಲಾವಿದನ ಗೆರೆಯೇ ವಿಜ್ಞಾನದ ಪುರಾವೆಯಾಯಿತು.

ದೇಹಗಳು ಬಂದದ್ದೆಲ್ಲಿಂದ? ಪಡುವಾದ ನ್ಯಾಯಾಧೀಶನೊಬ್ಬ ಮರಣದಂಡನೆಗೆ ಒಳಗಾದವರ ಶವಗಳನ್ನು ಕೊಡಿಸುತ್ತಿದ್ದ. ಮುಖಪುಟದ ಹೆಂಗಸೂ ಗಲ್ಲಿಗೇರಿದವಳೇ. ಜೀವ ಉಳಿಸಿಕೊಳ್ಳಲು ‘ನಾನು ಬಸುರಿ’ ಅಂದಿದ್ದಳಂತೆ. ಸೂಲಗಿತ್ತಿಯರು ನೋಡಿ ಅಲ್ಲ ಅಂದರಂತೆ. ಇಷ್ಟನ್ನೂ ಬರೆದಿಟ್ಟ ವೆಸಾಲಿಯಸ್ ಅವಳ ಹೆಸರು ಬರೆಯಲಿಲ್ಲ.

ಇದನ್ನು ಹೇಳುತ್ತಿರುವುದು ವಿಜ್ಞಾನವನ್ನು ತಳ್ಳಿಹಾಕಲಿಕ್ಕಲ್ಲ. ಗ್ರಂಥ ಹೇಳಿತೆಂದು ನಂಬಬೇಡಿ, ಕಣ್ಣಾರೆ ನೋಡಿ ಅಂತ ಕಲಿಸಿದ ಪುಸ್ತಕವಿದು. ಹಾಗೇ ನೋಡಿದರೆ ಅವಳೂ ಕಾಣಬೇಕು. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.