ಪರಿಚಿತರ ಹೆಸರಿನಲ್ಲಿ ಬರುವ ವೈರಸ್ಸು

ಇ-ಮೇಲಿನ ವೈರಸ್ಸಿಗೆ ಬಹುಮಟ್ಟಿಗೆ ಬಾಗಿಲು ತೆರೆಯುವವರು ನಾವೇ. ೨೦೦೦ನೆಯ ಇಸವಿಯ ಮೇ ೪ರಂದು ಫಿಲಿಪೀನ್ಸ್ ದೇಶದಿಂದ ಹೊರಟ ‘ಐ ಲವ್ ಯೂ’ ಎಂಬ ತಲೆಬರಹದ ಓಲೆಯೊಂದು ಲಕ್ಷಾಂತರ ಕಂಪ್ಯೂಟರುಗಳಿಗೆ ಹರಡಿತು. ಅದಕ್ಕೆ ಲಗತ್ತಿಸಿದ್ದ ಕಡತವು ನೋಟಕ್ಕೆ ಪ್ರೇಮಪತ್ರ. ವಾಸ್ತವವಾಗಿ ಕಂಪ್ಯೂಟರಿಗೆ ಆಜ್ಞೆಗಳನ್ನೀಯುವ ಪ್ರೋಗ್ರಾಮು. ಕಡತದ ಹೆಸರಿನ ತುದಿಯಲ್ಲಿದ್ದ ‘ವಿಬಿಎಸ್’ ಎಂಬ ಗುರುತನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲವಾದುದರಿಂದ ಅದು ಸಾದಾ ಬರಹದಂತೆ ಕಂಡಿತು. ತೆರೆದೊಡನೆ ಅದು ಚಿತ್ರಗಳ ಕಡತಗಳನ್ನು ನಾಶಮಾಡಿ, ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿದ್ದವರೆಲ್ಲರಿಗೂ ತನ್ನ ಪ್ರತಿಗಳನ್ನು ಕಳುಹಿಸುತ್ತಿತ್ತು. ಪಡೆದವರು ಮಿತ್ರನ ಹೆಸರನ್ನು ಕಂಡು ಶಂಕಿಸಲಿಲ್ಲ.

ಆದುದರಿಂದ ಹೆಸರು ಪರಿಚಿತವೆಂಬುದೊಂದೇ ನಮಗೆ ರಕ್ಷಣೆಯಾಗದು. ಅನಿರೀಕ್ಷಿತವಾದ ಲಗತ್ತು ಬಂದಾಗ, ತೆರೆಯುವ ಮೊದಲು ಕಳುಹಿಸಿದವರನ್ನೇ ಫೋನಿನಲ್ಲಿ ವಿಚಾರಿಸಬೇಕು. ಕಂಪ್ಯೂಟರಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿದ್ದರೆ, ವೈರಸ್ಸು ಅಳಿಸಿದುದನ್ನು ನಾವು ಮರಳಿ ಪಡೆಯಬಹುದು.