ಲೋಹದ ಪುಡಿಯಿಂದ ಯಂತ್ರಭಾಗ: ಪ್ರತಿ ಪದರಕ್ಕೂ ಬೆಳಕಿನ ಕಾವಲು

ಯಂತ್ರದ ಭಾಗಗಳನ್ನು ಎರಕ ಹೊಯ್ದು ಇಲ್ಲವೆ ಲೇತಿನಲ್ಲಿ ಕಡೆದು ತಯಾರಿಸುವುದು ರೂಢಿ. ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರವಾಗಿ ಭಾಗವನ್ನು ಕಟ್ಟುವ ವಿಧಾನವೂ ಈಗ ಬಳಕೆಯಲ್ಲಿದೆ. 2024ರ ಮೇ 9ರಂದು ಇಸ್ರೋ ಸಂಸ್ಥೆಯು ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿದ ಪಿ.ಎಸ್.4 ರಾಕೆಟ್ ಎಂಜಿನ್ ಈ ರೀತಿ ತಯಾರಾದದ್ದು. ಹಿಂದೆ 14 ಭಾಗಗಳಿದ್ದ ಎಂಜಿನ್ ಒಂದೇ ತುಂಡಾಯಿತು. 19 ಬೆಸುಗೆಗಳು ಬೇಡವಾದವು. 565 ಕಿ.ಗ್ರಾಂ. ಲೋಹದ ಬದಲು 13.7 ಕಿ.ಗ್ರಾಂ. ಪುಡಿ ಸಾಕಾಯಿತು.

ಬೆಸುಗೆ ತಪ್ಪಿದರೂ ದೋಷದ ಭಯ ತಪ್ಪಿಲ್ಲ. ಎರಕದೊಳಗಿನ ಗುಳ್ಳೆಯಿಂದ ಪಂಪಿನ ಭಾಗ ಸೀಳುವುದನ್ನು ರೈತರು ಬಲ್ಲರು. ಇಲ್ಲಿಯೂ ಒಳಗೆ ಉಳಿದ ಸಣ್ಣ ಟೊಳ್ಳು ಹೊರಗೆ ಕಾಣದು. ಭಾರ ಮತ್ತೆ ಮತ್ತೆ ಬಿದ್ದಾಗ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಆದ್ದರಿಂದ ಕಟ್ಟುವಾಗಲೇ ನೋಡುವುದು ಅವಶ್ಯ.

ಸಸಿಮಡಿಯನ್ನು ಹಲಗೆ ಎಳೆದು ಮಟ್ಟ ಮಾಡುವಂತೆ, ಯಂತ್ರದ ಪಟ್ಟಿಯೊಂದು ಪುಡಿಯನ್ನು ಸುಮಾರು 0.03ರಿಂದ 0.06 ಮಿ.ಮೀ. ದಪ್ಪಕ್ಕೆ ಹರಡುತ್ತದೆ. ಪಟ್ಟಿಯ ಅಂಚು ಮುಕ್ಕಾಗಿದ್ದರೆ ಪುಡಿಯಲ್ಲಿ ಗೀರು ಬೀಳುತ್ತದೆ. ಕಾವಿನಿಂದ ಭಾಗದ ಅಂಚು ಮೇಲೆದ್ದರೆ ಪಟ್ಟಿ ಅದಕ್ಕೆ ತಾಗುತ್ತದೆ. ಪುಡಿ ಹರಡಿದ ಮೇಲೆ ಒಮ್ಮೆ, ಕರಗಿಸಿದ ಮೇಲೆ ಒಮ್ಮೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಬೆಳಕನ್ನು ಓರೆಯಾಗಿ ಬಿಡುವುದೇ ಇಲ್ಲಿನ ಜಾಣ್ಮೆ: ಸಂಜೆಯ ಬಿಸಿಲಿನಲ್ಲಿ ಉತ್ತ ಹೊಲದ ಏರುತಗ್ಗು ಎದ್ದು ಕಾಣುವಂತೆ ಪುಡಿಯ ಏರುತಗ್ಗೂ ಕಾಣುತ್ತದೆ.

ಎರಡನೆಯ ಕಾವಲು ಕರಗಿದ ಲೋಹದ ಪುಟ್ಟ ಹೊಂಡದ ಮೇಲೆ. ಅದರಿಂದ ಹೊಮ್ಮುವ ಬೆಳಕನ್ನು ಬೆಳಕು ಅಳೆಯುವ ಫೋಟೊಡಯೋಡು ಸೆಕೆಂಡಿಗೆ ಸಾವಿರಾರು ಸಲ ದಾಖಲಿಸುತ್ತದೆ. ಶಾಖ ಕಡಿಮೆಯಾದರೆ ಪುಡಿ ಪೂರ್ಣ ಬೆಸೆಯದೆ ಚಪ್ಪಟೆಯಾದ, ಅಂಕುಡೊಂಕಾದ ಸೀಳುಗಳು ಉಳಿಯುತ್ತವೆ. ಇವು ಹೆಚ್ಚು ಅಪಾಯಕಾರಿ. ಶಾಖ ಮಿತಿಮೀರಿದರೆ ಲೋಹ ಆವಿಯಾಗಿ ಆಳವಾದ ಕುಳಿ ಬೀಳುತ್ತದೆ. ಅದು ಕುಸಿದಾಗ ಒಳಗೆ ದುಂಡು ಗುಳ್ಳೆ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಬೆಳಕು ತೋರಿಸುವುದು ಮೇಲ್ಮೈಯನ್ನು ಮಾತ್ರ. ಮುಂದಿನ ಪದರ ಕರಗುವಾಗ ಕೆಳಗಿನ ಪದರಗಳೂ ಮತ್ತೆ ಕರಗುವುದರಿಂದ, ಕಂಡ ದೋಷ ಮುಚ್ಚಿಹೋಗಬಹುದು. ನುಣುಪಾದ ಮೇಲ್ಮೈಯ ಅಡಿಯಲ್ಲಿ ಗುಳ್ಳೆಯೂ ಇರಬಹುದು. ಎಲೆ ಹಳದಿಯಾದೊಡನೆ ಸಾರಜನಕದ ಕೊರತೆಯೆಂದು ತೀರ್ಮಾನಿಸಲಾಗದು, ನೀರು ನಿಂತರೂ ಹಳದಿಯಾಗುತ್ತದೆ. ಇದೂ ಅಂಥದೇ. ಸಂಶಯ ಬಂದ ಪದರದ ಸಂಖ್ಯೆಯನ್ನು ಗುರುತಿಸಿಕೊಂಡು, ಭಾಗ ಸಿದ್ಧವಾದ ಮೇಲೆ ಆ ಜಾಗವನ್ನು ಎಕ್ಸ್-ರೇ ಸಿ.ಟಿ. ಪರೀಕ್ಷೆಗೆ ಒಳಪಡಿಸಲಾಗುತ್ತದೆ.

ಇದು ದುಬಾರಿ ಕೆಲಸ. ನೇಗಿಲಿನ ಕುಳಕ್ಕೆ ಕುಲುಮೆಯೇ ಸಾಕು. ವೇಗವಾಗಿ ತಿರುಗುವ ಇಲ್ಲವೆ ಹೆಚ್ಚಿನ ಒತ್ತಡ ತಡೆಯಬೇಕಾದ ಭಾಗವನ್ನು ಈ ವಿಧಾನದಲ್ಲಿ ಮಾಡಿಸುವವರು ಮಾತ್ರ ಪದರಗಳ ದಾಖಲೆಯನ್ನೂ ಕೇಳಿ ಪಡೆಯುವುದು ಒಳ್ಳೆಯದು.