ಮನೆಯೊಳಗಿನ ಚಿತ್ರಸುರುಳಿಗಳು: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದಲ್ಲಿ ಸಂರಕ್ಷಣೆಯ ಕೆಲವು ನೆಲೆಗಳು

ಜಾನಪದ ಸಂಶೋಧಕರು ಕ್ಷೇತ್ರಕಾರ್ಯಕ್ಕೆ ಹೋದಾಗ ಹಾಡು, ಕಥೆ, ಆಚರಣೆಗಳನ್ನು ಕೇಳಿ ಬರೆದುಕೊಳ್ಳುವುದು ವಾಡಿಕೆ. ಅದೇ ಮನೆಗಳ ಅಟ್ಟದ ಮೇಲೆ, ಮಂಚದ ಕೆಳಗೆ, ತುಕ್ಕು ಹಿಡಿದ ತಗಡಿನ ಡಬ್ಬಿಗಳಲ್ಲಿ ಬೇರೊಂದು ಬಗೆಯ ದಾಖಲೆ ಕುಳಿತಿರಬಹುದೆಂಬುದು ನಮ್ಮ ಗಮನಕ್ಕೆ ಬರುವುದು ತೀರ ತಡವಾಗಿ. ಹಾಡು ಉಳಿಯುವುದು ಹಾಡುವುದರಿಂದ. ಆದರೆ ಚಿತ್ರಸುರುಳಿ ಓಡಿಸಿದಷ್ಟೂ ಸವೆಯುತ್ತದೆ. ಓಡಿಸದೆ ಮುಚ್ಚಿಟ್ಟರೂ ಅದು ಕೆಡುತ್ತದೆ. ಈ ವಿಚಿತ್ರ ವಸ್ತುವನ್ನು ಸಾಮಾನ್ಯ ಗೃಹಸ್ಥನೊಬ್ಬ ತನ್ನ ಮನೆಯಲ್ಲಿ ಹೇಗೆ ಕಾಪಾಡಿಕೊಳ್ಳಬಹುದು, ಎಲ್ಲಿಯವರೆಗೆ ಕಾಪಾಡಿಕೊಳ್ಳಬಹುದು ಎಂಬುದನ್ನು ಮೇಲಿನ ಮೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರಾದೇಶಿಕ ಹಿನ್ನೆಲೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕಡೂರು, ಬೀರೂರು, ಅಜ್ಜಂಪುರಗಳಿವೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗೆಗೆ ಹೋಗುವ ದಾರಿಯಲ್ಲಿ ತರೀಕೆರೆಯಿದೆ. ರೈಲು ಮತ್ತು ಬಸ್ಸುಗಳು ಮುಟ್ಟುವ ಊರುಗಳಿಗೆ ಸಿನಿಮಾದ ಪೆಟ್ಟಿಗೆಗಳು ಬರುವುದು ಸುಲಭವಾಗಿತ್ತು. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರಿಂದ ಹೊರಟ ಒಂದೊಂದು ಪ್ರತಿಯೂ ದೊಡ್ಡ ಊರುಗಳಲ್ಲಿ ಓಡಿ, ಗೀರುಬಿದ್ದು, ಕೊನೆಗೆ ಟೆಂಟು ಸಿನಿಮಾಗಳನ್ನು ತಲುಪುತ್ತಿತ್ತು. ಇದರ ಜೊತೆಗೆ ಸರ್ಕಾರದ ಪ್ರಚಾರ ವಾಹನಗಳು ಹಳ್ಳಿಗಳಲ್ಲಿ 16 ಮಿ.ಮೀ. ಚಿತ್ರಗಳನ್ನು ತೋರಿಸುತ್ತಿದ್ದವು. ಅನುಕೂಲವಿದ್ದ ಕೆಲವು ಮನೆತನಗಳು 8 ಮಿ.ಮೀ. ಕ್ಯಾಮೆರಾದಲ್ಲಿ ಮದುವೆ, ಜಾತ್ರೆ, ಸುಗ್ಗಿಗಳನ್ನು ತಾವೇ ಚಿತ್ರಿಸಿಕೊಂಡದ್ದೂ ಉಂಟು.

ಟೆಂಟುಗಳು ಮುಚ್ಚಿದ ಮೇಲೆ, ಮುಂದೆ 2010ರ ದಶಕದಲ್ಲಿ ಚಿತ್ರಮಂದಿರಗಳು ಡಿಜಿಟಲ್ ಪ್ರದರ್ಶನಕ್ಕೆ ತಿರುಗಿದ ಮೇಲೆ, ಸುರುಳಿಗಳಿಗೆ ಗುಜರಿಯ ಬೆಲೆ ಮಾತ್ರ ಉಳಿಯಿತು. ಹಳೆಯ ಕಪ್ಪುಬಿಳುಪು ಪ್ರತಿಗಳಲ್ಲಿರುವ ಬೆಳ್ಳಿಯನ್ನು ತೆಗೆಯುವುದಕ್ಕಾಗಿ ಅವುಗಳನ್ನು ಕರಗಿಸಿದ ಕಥೆ ಇಡೀ ದೇಶಕ್ಕೆ ಸಂಬಂಧಿಸಿದ್ದು. ಅಂಥ ಗುಜರಿಯಿಂದ ಪಾರಾದ ಅಷ್ಟಿಷ್ಟು ಸುರುಳಿಗಳು ಆಪರೇಟರುಗಳ, ಟೆಂಟು ಮಾಲೀಕರ, ಸಿನಿಮಾಪ್ರಿಯರ ಮನೆ ಸೇರಿದವು. ಹೀಗೆ ಸೇರಿದ ಸಂಗ್ರಹ ಬೆಳೆಯುತ್ತಲೇ ಹೋಗುವುದು ಅದರ ಸ್ವಭಾವ. ಒಬ್ಬರಲ್ಲಿ ಸುರುಳಿ ಇದೆಯೆಂದು ತಿಳಿದರೆ ಇತರರು ತಮ್ಮಲ್ಲಿರುವುದನ್ನೂ ತಂದು ಅಲ್ಲಿಯೇ ಇಳಿಸುತ್ತಾರೆ.

2. ಸುರುಳಿಯ ರಚನೆ ಮತ್ತು ಗುರುತು

ಸಂರಕ್ಷಣೆಯ ಮೊದಲ ಹೆಜ್ಜೆ ವಸ್ತುವನ್ನು ಗುರುತಿಸುವುದು. ಚಿತ್ರಸುರುಳಿಯಲ್ಲಿ ಎರಡು ಪದರಗಳಿವೆ. ಕೆಳಗಿನದು ಪಾರದರ್ಶಕವಾದ ಪಟ್ಟಿ; ಮೇಲಿನದು ಬಿಂಬವನ್ನು ಹಿಡಿದಿರುವ ಜಿಲೆಟಿನ್ ಲೇಪ. ಜಿಲೆಟಿನ್ ದನಗಳ ಮೂಳೆ, ಚರ್ಮಗಳಿಂದ ತಯಾರಾದ ಪದಾರ್ಥವಾದ್ದರಿಂದ ತೇವ ಹೆಚ್ಚಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಕೆಳಗಿನ ಪಟ್ಟಿ ಮೂರು ಬಗೆಯದು: ನೈಟ್ರೇಟ್, ಅಸಿಟೇಟ್, ಪಾಲಿಯೆಸ್ಟರ್.

ನೈಟ್ರೇಟ್ ಬಳಕೆಯಲ್ಲಿದ್ದುದು 35 ಮಿ.ಮೀ. ಚಿತ್ರಗಳಲ್ಲಿ, ಮುಖ್ಯವಾಗಿ 1950ರ ದಶಕದ ಆರಂಭದವರೆಗೆ. ಇದು ಸುಲಭವಾಗಿ ಹೊತ್ತಿಕೊಳ್ಳುವುದಲ್ಲದೆ ನೀರಿನಲ್ಲಿ ಅದ್ದಿದರೂ ಆರುವುದಿಲ್ಲ. ಕೊಳೆತ ನೈಟ್ರೇಟ್ ಸುರುಳಿ ಬಹುದಿನದ ಬೇಸಗೆಯ ತಾಪದಲ್ಲಿ ತಾನಾಗಿಯೇ ಹೊತ್ತಿಕೊಂಡ ನಿದರ್ಶನಗಳಿವೆ. 2003ರಲ್ಲಿ ಪುಣೆಯಲ್ಲಿ ನಡೆದ ಬೆಂಕಿಯ ದುರಂತದಲ್ಲಿ ದೇಶದ ಹಳೆಯ ನೈಟ್ರೇಟ್ ಸುರುಳಿಗಳು ದೊಡ್ಡ ಪ್ರಮಾಣದಲ್ಲಿ ನಾಶವಾದವು. ಇಂಥ ಸುರುಳಿ ಮನೆಯಲ್ಲಿದೆಯೆಂಬ ಸಂದೇಹ ಬಂದರೂ ಅದನ್ನು ವಾಸದ ಮನೆಯಲ್ಲಿ ಇಟ್ಟುಕೊಳ್ಳಬಾರದು. ಚಿತ್ರಾಗಾರದವರಿಗೆ ತಿಳಿಸಿ ಅವರ ಸಲಹೆಯಂತೆ ನಡೆಯಬೇಕು. 8 ಮತ್ತು 16 ಮಿ.ಮೀ. ಸುರುಳಿಗಳ ವಿಷಯದಲ್ಲಿ ಈ ಭಯವಿಲ್ಲ.

ಅಸಿಟೇಟ್ ಮತ್ತು ಪಾಲಿಯೆಸ್ಟರುಗಳನ್ನು ಬೇರ್ಪಡಿಸಲು ಸರಳ ಉಪಾಯವಿದೆ. ಸುತ್ತಿದ ಸುರುಳಿಯನ್ನು ಬೆಳಕಿಗೆ ಅಡ್ಡ ಹಿಡಿದು ಅದರ ಪಕ್ಕವನ್ನು ನೋಡಿದಾಗ ಬೆಳಕು ಪದರಗಳ ನಡುವೆ ಹಾಯ್ದು ಬಂದರೆ ಅದು ಪಾಲಿಯೆಸ್ಟರ್. ಕಪ್ಪಾಗಿ ಕಂಡರೆ ಅಸಿಟೇಟ್. ಪಾಲಿಯೆಸ್ಟರ್ ಗಟ್ಟಿಯಾದುದು, ಹರಿಯದು, ದೀರ್ಘಾಯು. ನಮ್ಮ ಮನೆಗಳ ಹಳೆಯ ಸುರುಳಿಗಳಲ್ಲಿ ಬಹುಪಾಲು ಅಸಿಟೇಟ್ ಆಗಿರುವುದರಿಂದ ಮುಂದಿನ ಚರ್ಚೆ ಅದನ್ನೇ ಕುರಿತದ್ದು.

3. ಒಳಗಿನ ಹುಳಿ

ಅಸಿಟೇಟ್ ಪಟ್ಟಿಯು ಬಿಸಿ ಮತ್ತು ತೇವಗಳ ಸಂಪರ್ಕದಲ್ಲಿ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಇದು ವಿನೆಗರಿನಲ್ಲಿರುವ ಆಮ್ಲವೇ ಆದ್ದರಿಂದ ತಜ್ಞರು ಈ ರೋಗವನ್ನು ‘ವಿನೆಗರ್ ಸಿಂಡ್ರೋಮ್’ ಎಂದು ಕರೆದಿದ್ದಾರೆ. ಹೊರಬಂದ ಆಮ್ಲ ಅಲ್ಲಿಯೇ ನಿಂತರೆ ಪಟ್ಟಿಯನ್ನು ಮತ್ತಷ್ಟು ಬೇಗ ಒಡೆಯುತ್ತದೆ. ಹೆಪ್ಪು ಬಿದ್ದ ಹಾಲಿನಂತೆ, ಒಮ್ಮೆ ತೊಡಗಿದ ಕ್ರಿಯೆ ಹಿಂದಿರುಗುವುದಿಲ್ಲ. ಕ್ರಮೇಣ ಪಟ್ಟಿ ಕುಗ್ಗಿ, ಸುರುಟಿ, ಜಿಲೆಟಿನ್ ಪದರ ಕಿತ್ತುಬರುತ್ತದೆ. ಅಸಿಟೇಟಿನ ಈ ಕೇಡಿನ ಮೊದಲ ವರದಿ 1950ರ ದಶಕದಲ್ಲಿ ಕೊಡಕ್ ಸಂಸ್ಥೆಗೆ ತಲುಪಿದ್ದು ಭಾರತದಿಂದಲೇ ಎಂಬುದು ಗಮನಾರ್ಹ; ಬಿಸಿ ಮತ್ತು ತೇವದ ಹವೆಯಲ್ಲಿ ಇರಿಸಿದ್ದ ಭಾರತ ಸರ್ಕಾರದ ಸುರುಳಿಗಳು ಹೀಗೆ ಕೆಟ್ಟಿದ್ದವು. ಎಂದರೆ ಇದು ಮೊದಲಿನಿಂದಲೂ ನಮ್ಮ ಹವೆಯ ಸಮಸ್ಯೆ.

ಅಮೆರಿಕದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನ ಅಧ್ಯಯನಗಳ ಪ್ರಕಾರ, ಸುಮಾರು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 50 ಸಾಪೇಕ್ಷ ಆರ್ದ್ರತೆಯಲ್ಲಿ ಇಟ್ಟ ಹೊಸ ಅಸಿಟೇಟ್ ಸುರುಳಿಗೆ ಈ ರೋಗ ತಗಲಲು ಸುಮಾರು 40 ವರ್ಷ ಬೇಕು. ಉಷ್ಣತೆ ಐದಾರು ಡಿಗ್ರಿ ಇಳಿದರೆ ಈ ಅವಧಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಷ್ಟೇ ಏರಿದರೆ ಅರ್ಧಕ್ಕಿಳಿಯುತ್ತದೆ. ಬೇಸಗೆಯಲ್ಲಿ ನಮ್ಮ ಹೆಂಚಿನ ಮನೆಗಳ ಅಟ್ಟ ಎಷ್ಟು ಕಾಯುತ್ತದೆಂಬುದನ್ನು ಬಲ್ಲವರಿಗೆ ಈ ಲೆಕ್ಕದ ಅರ್ಥ ಹೇಳಬೇಕಾಗಿಲ್ಲ.

4. ಮನೆಯ ತಿಳಿವಳಿಕೆ ಮತ್ತು ಅದರ ಮಿತಿ

ವಸ್ತುಗಳನ್ನು ಕಾಪಾಡುವ ತಿಳಿವಳಿಕೆ ನಮ್ಮ ಜನಪದರಿಗೆ ಹೊಸದಲ್ಲ. ಬಯಲುಸೀಮೆಯ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಬಿತ್ತನೆಯ ಬೀಜಕ್ಕೆ ಬೂದಿ, ಬೇವಿನ ಸೊಪ್ಪು ಬೆರೆಸುತ್ತಿದ್ದರು. ತಾಡೋಲೆಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಈ ಕ್ರಮಗಳೆಲ್ಲ ಇಲಿ, ಹುಳು, ಗೆದ್ದಲು, ಮಳೆ ಮುಂತಾದ ಹೊರಗಿನ ಶತ್ರುಗಳನ್ನು ಗುರಿಯಾಗಿಟ್ಟುಕೊಂಡವು. ಅಸಿಟೇಟ್ ಸುರುಳಿಯ ಶತ್ರು ಅದರ ಒಳಗೇ ಇದೆ. ಆದ್ದರಿಂದ ಅದೇ ಶ್ರದ್ಧೆ ಇಲ್ಲಿ ಅಪಾಯಕಾರಿಯಾಗಿ ಪರಿಣಮಿಸುವ ಸಂಭವವಿದೆ.

ಬೀರೂರಿನ ಸಮೀಪದ ಹಳ್ಳಿಯೊಂದರಲ್ಲಿ ಹಿಂದೆ ಟೆಂಟಿನಲ್ಲಿ ಆಪರೇಟರ್ ಆಗಿದ್ದ ಹಿರಿಯರೊಬ್ಬರನ್ನು ಈ ಲೇಖಕ ಕಂಡದ್ದು ಕಥನಗೀತಗಳ ಸಂಗ್ರಹಕ್ಕಾಗಿ. ಮಾತಿನ ನಡುವೆ ಅವರು ಒಂದು ಡಬ್ಬಿಯನ್ನು ಇಳಿಸಿದರು. ಒಳಗೆ ನುಸಿಗುಳಿಗೆ ಹಾಕಿ, ಮುಚ್ಚಳದ ಸುತ್ತ ಮೇಣ ಮೆತ್ತಿ, ಹಲವು ವರ್ಷ ಜೋಪಾನವಾಗಿ ಇಟ್ಟಿದ್ದರು. ಮುಚ್ಚಳ ತೆರೆದೊಡನೆ ಮೂಗಿಗೆ ಘಾಟು ಬಡಿಯಿತು. “ಹೆಂಡ ಹುಳಿ ಬಂದಂಗೆ ಬತ್ತೈತಲ್ಲ ಮೇಷ್ಟ್ರೇ ವಾಸ್ನೆ” ಎಂದು ಅವರು ಬೆರಗಾದರು. ಅದು ಅವರ ಸಂಬಂಧಿಕರು ತೆಗೆದ ಊರ ಜಾತ್ರೆಯ 8 ಮಿ.ಮೀ. ಸುರುಳಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಬಂದಷ್ಟು ಅಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸೂರದಲ್ಲಿ ನೋಡುತ್ತ, ಡೊಳ್ಳಿನವರು ಯಾರು, ವೀರಗಾಸೆ ಕಟ್ಟಿದವರು ಯಾರು ಎಂದು ಅವರು ಹೆಸರು ಹೇಳಿದರು. ಈ ಲೇಖಕ ಬರೆದುಕೊಂಡ. ಮರುವರ್ಷ ಅವರು ತೀರಿಕೊಂಡರು. ಈಗ ಆ ಸುರುಳಿಯಿಂದ ಉಳಿದಿರುವುದು ಆ ಬರಹವೇ. ಕೆಟ್ಟದ್ದು ಅಲಕ್ಷ್ಯದಿಂದಲ್ಲ, ಜೋಪಾನವೇ ಅದರ ಕೇಡನ್ನು ತೀವ್ರಗೊಳಿಸಿತ್ತು.

ಹಗೇವಿಗೆ ಸಂಬಂಧಿಸಿದ ಇನ್ನೊಂದು ತಿಳಿವಳಿಕೆ ಇಲ್ಲಿ ಹೆಚ್ಚು ಉಪಯುಕ್ತ. ಬಾಯಿ ತೆರೆದೊಡನೆ ಹಗೇವಿಗೆ ಇಳಿಯಬಾರದು. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯಬೇಕು ಎಂಬುದು ಹಿರಿಯರ ಎಚ್ಚರಿಕೆ. ಮುಚ್ಚಿದ ಜಾಗದಲ್ಲಿ ಗಾಳಿ ಕೆಡುತ್ತದೆ ಎಂಬ ಈ ಅರಿವೇ ಸುರುಳಿಯ ಆರೈಕೆಗೂ ತಳಹದಿ.

5. ಮನೆಯಲ್ಲಿ ಇಡುವ ಕ್ರಮ

ಮೂರೂ ತಾಲ್ಲೂಕುಗಳ ಹವೆ ಒಂದೇ ಅಲ್ಲ. ಕಡೂರು ಮಳೆನೆರಳಿನ ಒಣ ಪ್ರದೇಶ. ಇಲ್ಲಿ ಮುಖ್ಯ ಶತ್ರು ಬೇಸಗೆಯ ತಾಪ. ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯಗಳನ್ನುಳ್ಳ ತರೀಕೆರೆಯ ಮಲೆನಾಡಿನ ಅಂಚಿನಲ್ಲಿ ಮಳೆಗಾಲದ ತೇವ ಹೆಚ್ಚು. ಅಲ್ಲಿ ಬೂಷ್ಟಿನ ಭಯ. ಈಚಿನವರೆಗೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದ ಸುತ್ತ ಕಪ್ಪುಮಣ್ಣಿನ ಹೊಲಗಳಿವೆ. ನೀರು ಹಿಡಿದಿಡುವ ಈ ಮಣ್ಣಿನ ಮೇಲೆ ಕಟ್ಟಿದ ಹಳೆಯ ಮನೆಗಳ ನೆಲ, ಗೋಡೆಗಳಿಗೆ ಶೀತ ಏರುವುದರಿಂದ ಡಬ್ಬಿಗಳನ್ನು ನೆಲಕ್ಕೆ ತಾಗಿಸಿ ಇಡಲಾಗದು.

ಈ ವ್ಯತ್ಯಾಸಗಳನ್ನು ಗಮನಿಸಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

(ಅ) ಸ್ಥಳ: ಅಟ್ಟ, ಅಡುಗೆಮನೆ, ಬಚ್ಚಲಿನ ಪಕ್ಕದ ಗೋಡೆ, ಪಡುವಣ ಬಿಸಿಲು ಬೀಳುವ ಕೋಣೆ ಇವು ವರ್ಜ್ಯ. ಸುತ್ತಲೂ ಕೋಣೆಗಳಿರುವ, ನೇರ ಬಿಸಿಲು ತಾಗದ ನಡುಮನೆಯೇ ಉತ್ತಮ. ನೆಲದಿಂದ ಅರ್ಧ ಅಡಿಯಷ್ಟು ಮೇಲೆ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ, ಗಾಳಿಕಿಂಡಿಗಳಿರುವ ಕಪಾಟಿನಲ್ಲಿ ಇಡಬೇಕು.

(ಆ) ಡಬ್ಬಿ: ತುಕ್ಕು ಹಿಡಿದ ತಗಡನ್ನು ಬಿಟ್ಟು, ಗಾಳಿಯಾಡಲು ರಂಧ್ರವಿರುವ ಪಾಲಿಪ್ರೊಪಿಲೀನ್ ಡಬ್ಬಿಗಳಿಗೆ ವರ್ಗಾಯಿಸಬೇಕು. ಒಳಗಿನ ಹಳೆಯ ಕಾಗದ, ರಬ್ಬರ್ ಬ್ಯಾಂಡ್, ನುಸಿಗುಳಿಗೆ, ಕರ್ಪೂರಗಳನ್ನು ತೆಗೆಯಬೇಕು. ಕಾಗದದಲ್ಲಿ ಬರಹವಿದ್ದರೆ ಅದನ್ನು ಬೇರೆಯಾಗಿ ಕಾಪಾಡಬೇಕು. ಡಬ್ಬಿಗಳನ್ನು ಮಲಗಿಸಿಯೇ ಇಡಬೇಕು; ನಿಲ್ಲಿಸಿದರೆ ಸುತ್ತು ಜಗ್ಗುತ್ತದೆ.

(ಇ) ಪರೀಕ್ಷೆ: ಮಳೆಗಾಲ ಮುಗಿದ ಮೇಲೆ, ಒಣ ಹವೆಯ ದಿನ, ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಡಬ್ಬಿಯನ್ನೂ ತೆರೆದು ವಾಸನೆ ನೋಡಬೇಕು. ಹುಳಿವಾಸನೆ ಬಂದುದನ್ನು ಕೂಡಲೇ ಬೇರೆ ಕೋಣೆಗೆ ಸಾಗಿಸಬೇಕು. ಅದರ ಆವಿ ನೆರೆಯ ಸುರುಳಿಗಳಿಗೂ ರೋಗ ಹಚ್ಚುತ್ತದೆ. ಕುಗ್ಗುವಿಕೆಯನ್ನು ಅಳೆಯಲು ಅಳತೆಪಟ್ಟಿ ಸಾಕು. 16 ಮಿ.ಮೀ. ಚಿತ್ರದ 100 ಚೌಕಟ್ಟುಗಳ ಉದ್ದ 762 ಮಿ.ಮೀ. ಇರಬೇಕು. ಅದು ಏಳೆಂಟು ಮಿ.ಮೀ. ಕಡಿಮೆಯಾಗಿದ್ದರೆ ಸುರುಳಿ ಶೇ. 1ರಷ್ಟು ಕುಗ್ಗಿದೆಯೆಂದು ಅರ್ಥ. ಅಂಥದನ್ನು ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಚಕ್ರಕ್ಕೆ ಸಿಕ್ಕಿ ರಂಧ್ರಗಳು ಹರಿಯುತ್ತವೆ.

(ಈ) ಶೀತಲೀಕರಣ: ಕೆಡತೊಡಗಿದ ಅಮೂಲ್ಯ ಸುರುಳಿಯನ್ನು ತಾತ್ಕಾಲಿಕವಾಗಿ ಫ್ರಿಜ್ಜಿನಲ್ಲಿ ಇಡಬಹುದು. ಗಾಳಿಯಾಡಬೇಕೆಂಬ ನಿಯಮಕ್ಕೆ ಇದೊಂದೇ ಅಪವಾದ. ತಂಪಿನಲ್ಲಿ ಕೇಡು ಬಹುಮಟ್ಟಿಗೆ ನಿಧಾನಗೊಳ್ಳುವುದರಿಂದ, ತೇವ ತಗಲದಂತೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಬೇಕು. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ಸುರುಳಿಯ ಮೇಲೆ ಬೆವರು ಕಟ್ಟುತ್ತದೆ. ವಿದ್ಯುತ್ತು ಪದೇ ಪದೇ ಕೈಕೊಡುವ ಊರುಗಳಲ್ಲಿ ಈ ಕ್ರಮ ಅಷ್ಟು ಫಲಕಾರಿಯಲ್ಲ.

6. ಬೆಳೆಯುವ ಸಂಗ್ರಹ: ಆಯ್ಕೆಯ ಪ್ರಶ್ನೆ

35 ಮಿ.ಮೀ.ನ 1,000 ಅಡಿಯ ಸುರುಳಿ ತೆರೆಯ ಮೇಲೆ ಓಡುವುದು ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಒಂದು ಚಿತ್ರಕ್ಕೆ ಇಂಥ ಹದಿನಾಲ್ಕು ಸುರುಳಿಗಳು ಬೇಕು; ತೂಕ ಮೂವತ್ತು ಕಿಲೋಗೂ ಮಿಗಿಲು. ಹತ್ತು ಚಿತ್ರಗಳಾದರೆ ಒಂದು ಕೋಣೆಯೇ ಅವುಗಳಿಗೆ ಮೀಸಲಾಗುತ್ತದೆ. ಎಲ್ಲವನ್ನೂ ಒಂದೇ ಎಚ್ಚರದಿಂದ ಕಾಯುವುದು ಸಾಧ್ಯವಿಲ್ಲವಾದ್ದರಿಂದ ಆಯ್ಕೆ ಅನಿವಾರ್ಯ.

ಇಲ್ಲಿ ಜಾನಪದ ಅಧ್ಯಯನದ ‘ಪಾಠಾಂತರ’ದ ಕಲ್ಪನೆ ನೆರವಿಗೆ ಬರುತ್ತದೆ. ಜನಪ್ರಿಯ ಚಿತ್ರವೊಂದರ ಪ್ರತಿ ಬೇರೆಡೆ ಇರಬಹುದು. ಆದರೂ ಆಪರೇಟರುಗಳು ಹರಿದಲ್ಲಿ ಕತ್ತರಿಸಿ ಅಂಟಿಸಿದ ಪ್ರತಿಯೊಂದು ಪ್ರತಿಯೂ ಒಂದು ಪಾಠಾಂತರವೇ. ಮನೆಯಲ್ಲಿ ತೆಗೆದ 8 ಮಿ.ಮೀ. ಸುರುಳಿಯ ಸ್ಥಿತಿಯಾದರೋ ಬೇರೆ. ಅದು ಸಾಮಾನ್ಯವಾಗಿ ‘ರಿವರ್ಸಲ್’ ಬಗೆಯದು. ಕ್ಯಾಮೆರಾದಲ್ಲಿ ಓಡಿದ ಪಟ್ಟಿಯೇ ಪ್ರದರ್ಶನದ ಪಟ್ಟಿ, ನೆಗೆಟಿವ್ ಇರುವುದಿಲ್ಲ. 50 ಅಡಿಯ ಸೂಪರ್-8 ಸುರುಳಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಓಡುತ್ತದೆ, ಅಷ್ಟೆ. ಆದರೆ ಜಗತ್ತಿನಲ್ಲಿ ಅದರ ಇನ್ನೊಂದು ಪ್ರತಿಯಿಲ್ಲ. ಅದು ಏಕೈಕ ಹಸ್ತಪ್ರತಿಗೆ ಸಮಾನ. ಹದಿನಾಲ್ಕು ದೊಡ್ಡ ಡಬ್ಬಿಗಳನ್ನು ಪೂಜ್ಯಭಾವದಿಂದ ಕಾಯುವ ಮನೆಗಳಲ್ಲಿ ಅಂಗೈಯಗಲದ ಈ ಸುರುಳಿ ಮಕ್ಕಳ ಆಟಿಕೆಯಾಗುವುದುಂಟು. ಆದ್ಯತೆ ತಿರುವುಮುರುವಾಗಬೇಕು.

ಎರಡನೆಯ ಅಗತ್ಯ ದಾಖಲೆ ಪುಸ್ತಕ. ಪ್ರತಿಯೊಂದು ಡಬ್ಬಿಗೂ ಸಂಖ್ಯೆ ಕೊಟ್ಟು, ಅಳತೆ, ಉದ್ದ, ಎಲ್ಲಿಂದ ಬಂತು, ಯಾರು ತೆಗೆದರು, ಚಿತ್ರದಲ್ಲಿರುವವರು ಯಾರು, ಯಾವ ಆಚರಣೆ ಎಂಬ ವಿವರಗಳನ್ನು ಬರೆದು, ಪುಸ್ತಕವನ್ನು ಸುರುಳಿಗಳಿಂದ ದೂರ ಇಡಬೇಕು. ಬಿಂಬವನ್ನು ಗುರುತಿಸಬಲ್ಲ ಹಿರಿಯರು ಬದುಕಿರುವಾಗಲೇ ಈ ಕೆಲಸ ಆಗಬೇಕು. ಹೆಸರಿಲ್ಲದ ಮುಖ ಉಳಿದರೂ ಅರ್ಧವೇ ಉಳಿದಂತೆ.

7. ಉಪಸಂಹಾರ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934)ದ ಒಂದು ಪ್ರತಿಯೂ ಇಂದು ನಮ್ಮಲ್ಲಿ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977)ದ ಮೂಲ ನೆಗೆಟಿವ್ ಚಿತ್ರಾಗಾರದಲ್ಲಿ ಉಳಿದಿತ್ತು. ಅದರಿಂದಲೇ ಪುನರುಜ್ಜೀವನಗೊಂಡ ಚಿತ್ರ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಒಂದನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಂಡದ್ದರ ನಡುವಿನ ಅಂತರ ಸಂರಕ್ಷಣೆಯದು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಂಗವಾಗಿದೆ. ಮುಂಬಯಿಯಲ್ಲಿ 2014ರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೆಲಸ ಮಾಡುತ್ತಿದೆ. ಅಪರೂಪದ ಸುರುಳಿಯುಳ್ಳವರು ಇಂಥ ಸಂಸ್ಥೆಗಳನ್ನು ಸಂಪರ್ಕಿಸಿ, ಡಿಜಿಟಲ್ ಪ್ರತಿ ಮಾಡಿಸಿಕೊಂಡು, ಮೂಲವನ್ನು ಒಪ್ಪಿಸುವ ವಿಚಾರ ಮಾಡಬೇಕು. ಡಿಜಿಟಲ್ ಪ್ರತಿ ಬಂದಿತೆಂದು ಮೂಲವನ್ನು ಎಸೆಯಲಾಗದು; ಮುಂದೆ ಇನ್ನೂ ಉತ್ತಮ ಪ್ರತಿ ತೆಗೆಯಲು ಮೂಲವೇ ಬೇಕು.

ಒಟ್ಟಾರೆ, ಮನೆಯು ಚಿತ್ರಸುರುಳಿಯ ಆಯುಷ್ಯವನ್ನು ಹೆಚ್ಚಿಸಬಲ್ಲದೇ ಹೊರತು ಅದನ್ನು ಶಾಶ್ವತವಾಗಿ ಉಳಿಸಲಾರದು. ಆದರೆ ಚಿತ್ರಾಗಾರ ಕೊಡಲಾರದ ಒಂದು ವಸ್ತುವನ್ನು ಮನೆ ಕೊಡಬಲ್ಲದು: ಆ ಮುಖಗಳ ಹೆಸರು, ಆ ಕುಣಿತದ ಸಂದರ್ಭ, ಆ ದಿನದ ಕಥೆ. ಡಬ್ಬಿಗೆ ಗಾಳಿ, ಸುರುಳಿಗೆ ತಂಪು, ಪುಸ್ತಕಕ್ಕೆ ಹೆಸರು ಎಂಬ ಮೂರನ್ನು ಈ ಮೂರು ತಾಲ್ಲೂಕುಗಳ ಮನೆಗಳು ಪಾಲಿಸಿದರೆ, ಅಟ್ಟದ ಮೇಲೆ ಮೌನವಾಗಿ ಹುಳಿಯುತ್ತಿರುವ ಜನಪದ ಬದುಕಿನ ಒಂದು ಭಾಗವಾದರೂ ಮುಂದಿನವರ ಕಣ್ಣಿಗೆ ಬಿದ್ದೀತು.